ಕಿಲುಬುನುಂಗಿಯ ಅಜೀರ್ಣ

ಬೆಂಕಿಪೆಟ್ಟಿಗೆಯಷ್ಟೇ ಇದ್ದ ಕಿಲುಬುನುಂಗಿ ಗಾಡಿಯ ಬ್ಯಾಟರಿಯ ಮೇಲೆ ಕುಳಿತು ಗುಂಯ್‌ಗುಡುತ್ತಿತ್ತು. ಮರಳಿನ ಕಣಕ್ಕಿಂತ ಚಿಕ್ಕ ಸೂಕ್ಷ್ಮಯಂತ್ರಗಳು ಅದರ ಹೊಟ್ಟೆಯಿಂದ ಹೊರಟು, ಎರಡೂ ತುದಿಗಳ ಹಸಿರು ಕಿಲುಬನ್ನು ಮೆದ್ದು, ಲೋಹವನ್ನು ಫಳಫಳ ಹೊಳೆಯಿಸಿ ಗೂಡಿಗೆ ಮರಳುತ್ತಿದ್ದವು. ಮನುಷ್ಯರು ಕೈ ಹಾಕುವ ಕೆಲಸವೇ ಇರಲಿಲ್ಲ.

ನೀಲವ್ವನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ಚನ್ನವೀರಪ್ಪ ಗದಗಿನ ನಿವೃತ್ತ ಸರ್ವೇಯರ್. ಊರೂರು ಅಳೆದಿದ್ದ ಆತ ಮಾತನ್ನೂ ಅಳೆದೇ ಆಡುತ್ತಿದ್ದ. ಅಡುಗೆ, ಹಾಸಿಗೆ ಎಲ್ಲ ಒಳಗೇ ಇರುವ ಮನೆಗಾಡಿ ಕೊಂಡು ಇಬ್ಬರೂ ಕಡಲ ದಂಡೆಗೆ ಬಂದ ಮೇಲೆ, ಉಪ್ಪುಗಾಳಿಗೆ ಬ್ಯಾಟರಿ ಪದೇ ಪದೇ ಕಿಲುಬು ಹಿಡಿಯತೊಡಗಿತು. ಆಕೆ ಸೋಡಾ ಕದಡಿದ ಬಿಸಿನೀರು ಹೊಯ್ಯಬೇಕು, ಆತ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಬೇಕು. ತಿಕ್ಕುವಾಗ ಅದೇನು ಮೋಡಿಯೋ, ಆತನಿಗೆ ಮಾತು ಬರುತ್ತಿತ್ತು! ಕಪ್ಪತಗುಡ್ಡದಲ್ಲಿ ದಾರಿ ತಪ್ಪಿದ್ದು, ಹೆಣ್ಣು ನೋಡಲು ಬಂದ ದಿನ ಇನ್ನಷ್ಟು ಉಪ್ಪಿಟ್ಟು ಕೇಳಲು ನಾಚಿ ಹಸಿದೇ ಎದ್ದದ್ದು, ಎಲ್ಲ.

ಅಷ್ಟರಲ್ಲಿ ದಂಡೆಯಲ್ಲೇ ಪರಿಚಯವಾದ ವಿಜ್ಞಾನಿ ತಹಸೀನಾ ತಾನು ರೂಪಿಸಿದ ಕಿಲುಬುನುಂಗಿಯನ್ನು ಪರೀಕ್ಷೆಗೆಂದು ಕೊಟ್ಟಳು. ಬೇಡ ಎನ್ನಲು ಇಬ್ಬರಿಗೂ ಸಂಕೋಚ. ಅದು ಬಂದದ್ದೇ ತಡ, ಚನ್ನವೀರಪ್ಪನ ಬಾಯಿಗೆ ಬೀಗ ಬಿತ್ತು.

ಯಂತ್ರ ಸೋತರೆ ಬ್ರಷ್ಷು ಹೊರಬರುತ್ತದೆಂದು ನೀಲವ್ವ ದಿನಾ ಕದ್ದು ಪ್ಲಸ್ ತುದಿಗೆ ಉಪ್ಪಿನಕಾಯಿ ರಸ ಸವರಿದಳು. ಕೊನೆಗೊಂದು ದಿನ ಕಿಲುಬುನುಂಗಿ ಹೊಟ್ಟೆ ಕೆಟ್ಟು ಮುಷ್ಕರ ಹೂಡಿತು. ತಹಸೀನಾ ಓಡಿ ಬಂದಳು.

"ಅಮ್ಮಾ, ತಿಂದದ್ದರಲ್ಲಿ ಏನೇನಿತ್ತು ಅಂತ ಇದು ಹೇಳುತ್ತೆ. ಪ್ಲಸ್ ತುದಿಯಲ್ಲಿ ಉಪ್ಪು, ಸಾಸಿವೆ, ಇಂಗು! ಕಡಲಗಾಳಿಯಲ್ಲಿ ಇಂಗು ಬರುತ್ತಾ?"

ನೀಲವ್ವನಿಗೆ ನಾಚಿಕೆಯಿಂದ ಭೂಮಿಗಿಳಿದುಹೋದಂತಾಯಿತು. "ನಾನ ಹಚ್ಚೀನಿ ನೋಡವಾ. ಬ್ರಷ್ ಹಿಡದ್ರ ಇವ್ರು ಮಾತಾಡ್ತಾರ, ಅದಕ್ಕ."

"ಮೈನಸ್ ತುದಿಗೂ ನೀವೇನಾ? ಅಲ್ಲಿ ಹುಳಿಮಜ್ಜಿಗೆ ಇದೆ."

"ಮಜ್ಜಿಗಿ? ನಾ ಹಾಕಿಲ್ಲವಾ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚನ್ನವೀರಪ್ಪ ಒಣ ಮೀಸೆಯನ್ನು ಒರೆಸಿಕೊಂಡ. ದಿನಾ ಊಟದ ಕೊನೆಗೆ ಆತ ಮಜ್ಜಿಗೆಯ ಲೋಟ ಹಿಡಿದು ಹೊರಗೆ ಹೋಗುತ್ತಿದ್ದುದು ಗಾಳಿ ಕುಡಿಯಲಿಕ್ಕಲ್ಲ ಎಂಬುದು ನೀಲವ್ವನಿಗೆ ಆಗ ಹೊಳೆಯಿತು. ಕಣ್ಣು ತುಂಬಿತು, ನಗುವೂ ತಡೆಯಲಾಗಲಿಲ್ಲ.

"ರಿಪೇರಿ ಮಾಡಿ ತರಲಾ?" ಎಂದಳು ತಹಸೀನಾ ಸಪ್ಪಗೆ.

"ಅವಸರ ಏನಿಲ್ಲವಾ," ಎಂದು ಚನ್ನವೀರಪ್ಪ ಹೆಂಡತಿಯತ್ತ ತಿರುಗಿದ. "ನೀಲಾ, ಬಿಸಿನೀರ್ ಇಡು. ಮಜ್ಜಿಗಿ ಭಾಳ ಹಾಕೀನಿ. ತಿಕ್ಕಾಕ ಹೊತ್ತು ಹಿಡಿತೈತಿ."