ಹತ್ತು ಕಿಲೋಮೀಟರ್ ಆಚೆಯ ನರ್ಸ್

"ಎಷ್ಟ್ ದಿನಾ ಆತು ಇದನ್ನ ಮುಚ್ಚಿಟ್ಟು?"

ಅಕ್ಕಿ ಡಬ್ಬಿಯ ಕೆಳಗೆ ಸಿಕ್ಕ ಪತ್ರವನ್ನು ನೀಲಾಂಬಿಕಾ ಮುರಳೀಧರನ ಎದೆಗೆ ಒತ್ತಿ ಹಿಡಿದಳು. ನೆದರ್ಲೆಂಡ್ಸ್‌ನ ಗಡಿ ಊರು ಎನ್ಸ್‌ಕೆಡೆಯ ಅವನ ಬಾಡಿಗೆ ಕೋಣೆಯಲ್ಲಿ ಒಗ್ಗರಣೆ ಸೀಯುತ್ತಿತ್ತು. ಇಬ್ಬರೂ ಅತ್ತ ತಿರುಗಲಿಲ್ಲ.

"ನೀಲಾ, ಅದು... ಡಚ್‌ನಲ್ಲಿದೆ. ಇನ್ನೂ ಎರಡು ತಿಂಗಳು ಕಾಯ್ಬೇಕು ಅಂತ ಬರ್ದಿದ್ದಾರೆ, ಅಷ್ಟೆ."

"ಮೂರು ವರ್ಷ ಜರ್ಮನ್ ರೋಗಿಗಳ ಬೈಗುಳ ತಿಂದಾಕಿ ನಾನು. ಡಚ್ ಅರ್ಧಾ ತಿಳಿತದ. ಅರ್ಜಿ ತಳ್ಳಿ ಹಾಕ್ಯಾರ. ಹೌದಿಲ್ಲೋ?"

ಅವನು ಹೋಗಿ ಒಲೆ ಆರಿಸಿ, "ಹೌದು" ಎಂದ.

ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು ಅವಳು. ಗಡಿಯಾಚೆ ಜರ್ಮನಿಯಲ್ಲಿ, ಹತ್ತು ಕಿಲೋಮೀಟರ್ ದೂರದ ಗ್ರೊನೌ ಊರಿನ ಆಸ್ಪತ್ರೆಯಲ್ಲಿ ಕೆಲಸ. ಪರೀಕ್ಷೆ ಬರೆದು ಗಳಿಸಿದ ಜರ್ಮನ್ ಲೈಸೆನ್ಸ್. "ಯುರೋಪಿನ ದೇಶಗಳು ಒಪ್ಪಂದ ಮಾಡ್ಕೊಂಡಿವೆ, ಅಲ್ಲಿನ ನರ್ಸ್ ಇಲ್ಲೂ ನರ್ಸೇ" ಎಂದು ನಂಬಿಸಿ, ತನ್ನ ವಿಳಾಸದಿಂದಲೇ ಡಚ್ ನರ್ಸ್ ನೋಂದಣಿಗೆ ಅರ್ಜಿ ಹಾಕಿಸಿದವನು, ಅವಳನ್ನು ಮದುವೆಯಾಗಲಿದ್ದ ಮುರಳಿ. ಆ ಒಪ್ಪಂದ ಯುರೋಪಿನಲ್ಲಿ ಓದಿದವರಿಗೆ ಮಾತ್ರವಂತೆ. ಇಲ್ಲಿ ಅವಳು ಮುದುಕರ ಹಾಸಿಗೆ ಮಡಚಬಹುದು, ಸೂಜಿ ಮುಟ್ಟುವಂತಿಲ್ಲ.

ಹತ್ತು ಕಿಲೋಮೀಟರ್ ದಾಟಿದರೆ ಕೈ ಕಲಿತದ್ದನ್ನು ಮರೆಯುತ್ತದೆಯೇ? ಆದರೆ ಪತ್ರ ಬರೆದವನ ಮುಖ ಅವಳು ಕಂಡಿರಲಿಲ್ಲ. ಮುಚ್ಚಿಟ್ಟವನು ಎದುರಿಗೇ ಇದ್ದ.

ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದಳು. "ನನ್ನ ರಾಜೀನಾಮೆ. ನಾಳೆ ಮುಂಜಾನೆ ಮೇಟ್ರನ್ ಕೈಗೆ ಕೊಡಾಕಿ ಇದ್ದೆ. ಒಪ್ಪಿಗಿ ಬಂದಂಗ, ರಾಜೀನಾಮೆ ಬರಿ ಅಂದಾಂವ ನೀನ. ಇದ್ದ ನೌಕರಿನೂ ಕಳಕೊಂಡು, ನಿನ್ನ ಮನ್ಯಾಗ ಒಗ್ಗರಣಿ ಹಾಕ್ಕೋತ ಕೂಡಬೇಕಿತ್ತೇನು?"

"ಗೊತ್ತಾದ್ರೆ ನೀನು ಅಲ್ಲೇ ಉಳಿದುಬಿಡ್ತೀಯ ಅಂತ ಭಯ ಆಯ್ತು ಕಣೆ. ಮದುವೆ ಆದ್ಮೇಲೆ ಹೇಳೋಣ ಅಂತ..."

"ಕಟ್ಟಿ ಹಾಕಿದ ಮ್ಯಾಲೆ. ಭಾಳ ಶಾಣ್ಯಾ."

ರಾಜೀನಾಮೆಯನ್ನು ನಾಲ್ಕು ಚೂರು ಮಾಡಿ, ಕೋಟು ತೊಟ್ಟು ಹೊರಟೇಬಿಟ್ಟಳು.

1998ರ ಜನವರಿಯ ಚಳಿ. ಹವಾಯಿ ಚಪ್ಪಲಿಯಲ್ಲೇ ಅವನು ಬಸ್ ನಿಲ್ದಾಣದವರೆಗೆ ಓಡಿ ಬಂದ.

"ಕೆಲಸ ಬಿಡ್ಬೇಡ. ನಾನೇ ಗ್ರೊನೌಗೆ ಬರ್ತೀನಿ. ಅಲ್ಲೇ ಮನೆ ಮಾಡೋಣ, ದಿನಾ ಸೈಕಲ್‌ನಲ್ಲಿ ಆಫೀಸಿಗೆ ಬಂದು ಹೋಗ್ತೀನಿ. ಅಲ್ಲಿ ಇರೋ ಪರ್ಮಿಟ್‌ಗೆ ಅಲೆಯೋ ಸರದಿ ಈ ಸಲ ನಂದು."

"ಜರ್ಮನಿಯವರೂ ನಿನ್ನ ಅರ್ಜಿ ತಳ್ಳಿ ಹಾಕಿದ್ರ?"

"ಆ ಪತ್ರಾನ ನಿನ್ನ ಕೈಯಲ್ಲೇ ಒಡೆಸ್ತೀನಿ. ಮತ್ತೆ ಅರ್ಜಿ ಹಾಕ್ತೀನಿ."

ಬಸ್ ಬಂತು, ಬಾಗಿಲು ತೆರೆಯಿತು. ಅವಳ ಕಣ್ಣು ಅವನ ಕೆಂಪಗಾದ ಕಾಲ್ಬೆರಳುಗಳ ಮೇಲೆ ಬಿತ್ತು. ಬಸ್ ಅವಳಿಲ್ಲದೆ ಹೋಯಿತು.

"ಕಾಲು ನೋಡ್ಕೋ, ಹುಚ್ಚಪ್ಪ. ನಡಿ ಒಳಗ."

"ಸಿಟ್ಟು ಹೋಯ್ತಾ?"

"ಇಲ್ಲ. ತಾಳಿ ಕಟ್ಟೋ ದಿನಾನೂ ಇರ್ತದ."

ಎಂದವಳು, ಮರಗಟ್ಟಿದ ಅವನ ಕೈಯನ್ನು ತನ್ನ ಕೋಟಿನ ಜೇಬಿಗೆ ಎಳೆದುಕೊಂಡಳು.