ಲಾರಿಯಲ್ಲಿ ಬಂದ ಕಾರು

“ಕಾರು ಲಾರಿ ಹತ್ಕೊಂಡು ಬಂದಿದೆ ಕಣ್ರೋ!”

ಕಿರುಚಿದವನು ಲಾಯರ್. ಐದನೇ ಕ್ಲಾಸಿನ ಹುಡುಗ. ಯಾರು ಏನು ಹೇಳಿದರೂ “ಸಾಕ್ಷಿ ಎಲ್ಲಿ?” ಎಂದು ಕೇಳುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಅವನ ಕೂಗಿಗೆ ಇಡೀ ಕ್ಲಾಸು ಕಿಟಕಿಗೆ ಮುತ್ತಿಕೊಂಡಿತು.

ಪಿಟೀಲು ಮಾತ್ರ ಬೆಂಚಿನಿಂದ ಏಳಲಿಲ್ಲ. ಮಾತು ಶುರು ಮಾಡಿದರೆ ಕುಯ್ಯುತ್ತಲೇ ಇರುತ್ತಾಳೆಂದು ಅವಳಜ್ಜಿ ಇಟ್ಟ ಹೆಸರು ಅದು. ಲಾರಿಯ ಮೇಲೆ ಕೂತು ಬಂದ ಕಾರು ಅವಳಪ್ಪನದು. ಮನೆಯಿಂದ ಸ್ಕೂಲು ಅರ್ಧ ಕಿಲೋಮೀಟರೂ ಇಲ್ಲ. “ದಾರಿ ತುಂಬಾ ಧೂಳು” ಎಂದು ಅಪ್ಪ ಲಾರಿ ಕರೆಸಿದ್ದ.

ಒಂದು ವಾರದ ಹಿಂದೆ ಹೆಡ್‌ಮಿಸ್ಸು, ಹಳೇ ವಸ್ತುಗಳ ಪ್ರದರ್ಶನಕ್ಕೆ ಯಾರ ಮನೆಯಲ್ಲಿ ಏನಿದೆ ಎಂದು ಕೇಳಿದ್ದರು. ಒಬ್ಬಳು ತಾತನ ಗಡಿಯಾರ ಎಂದಳು. ಒಬ್ಬ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಂದ. ಪಿಟೀಲು ಎದ್ದು ನಿಂತಳು.

“ನಮ್ಮನೇಲಿ ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಕಾರಿದೆ ಮಿಸ್! ನಮ್ಮಪ್ಪ ಓಡಿಸಿದ್ರೆ ಈಗಿನ ಕಾರೆಲ್ಲ ಹಿಂದೆ!”

“ಓಡಿಸಿದ್ದನ್ನ ನೀನು ನೋಡಿದೀಯಾ?” ಲಾಯರ್ ಕೇಳಿದ.

“ಅವರೇ ಹೇಳಿದಾರೆ.”

“ಅದು ಸಾಕ್ಷಿ ಅಲ್ಲ.”

“ಹಾಗಾದ್ರೆ ಇಲ್ಲೇ ಗ್ರೌಂಡಲ್ಲಿ ಒಂದು ರೌಂಡ್ ಹೊಡಿಸ್ತೀನಿ, ನೋಡ್ತಿರು! ಆಗಲಿಲ್ಲ ಅಂದ್ರೆ ನನ್ನನ್ನ ಬುರುಡೆ ಅಂತ ಕರಿ.”

ಈಗ ಮೂವತ್ತೆಂಟು ಮಕ್ಕಳು ಆ ಹೆಸರನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾಯುತ್ತಿದ್ದರು.

ಆ ಕಾರಿನ ವೈಭವ ಕೇಳಬೇಕು. ಅಪ್ಪನದು ಕನ್ನಡಕದ ಅಂಗಡಿ. ಹಗಲೆಲ್ಲ ಊರವರ ಕನ್ನಡಕ ಒರೆಸಿ ಬಂದು, ಸಂಜೆ ಅದೇ ಮೆತ್ತನೆಯ ಬಟ್ಟೆಯಲ್ಲಿ ಕಾರಿನ ಹೆಡ್‌ಲೈಟು ಒರೆಸುತ್ತಿದ್ದ. ಮನೆಯ ಸ್ಕೂಟರು ಮಳೆಯಲ್ಲಿ ನೆನೆಯುತ್ತಿತ್ತು. ಕಾರಿಗೆ ಶೆಡ್ಡು, ಶೆಡ್ಡಿಗೆ ಫ್ಯಾನು, ಹೊದೆಯಲು ಉಣ್ಣೆಯ ಕಂಬಳಿ. ಒಮ್ಮೆ ಅಮ್ಮನಿಗೆ ಜ್ವರ ಬಂದು ಆ ಕಂಬಳಿ ಕೇಳಿದಾಗ ಅಪ್ಪ, “ಅದು ಇವಳದು ಕಣೆ” ಎಂದಿದ್ದ. ಅಪ್ಪನ ಬಾಯಲ್ಲಿ ಕಾರು ಯಾವಾಗಲೂ ‘ಇವಳು’. ಅಮ್ಮ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

ಭಾನುವಾರ ಬೆಳಿಗ್ಗೆ ಸವಾರಿ. ಅಪ್ಪ ಚರ್ಮದ ಕೈಗವಸು ತೊಟ್ಟು, ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ, ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದ. ಒಳಗೆ ಕೂತು ಹತ್ತು ನಿಮಿಷ ಸ್ಟೀರಿಂಗ್ ಹಿಡಿದಿರುತ್ತಿದ್ದ. ಆಮೇಲೆ ಇಂಜಿನ್ ಬಂದ್ ಮಾಡಿ ಇಳಿಯುತ್ತಿದ್ದ. ಕಾರು ಒಂದಿಂಚೂ ಕದಲಿರುತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಹಳೇ ಕಾರುಗಳ ಸಂಘದವರು ಬರುತ್ತಿದ್ದರು, ಆಟೋದಲ್ಲಿ. “ಮಂಜು ಅಂದ್ರೆ ಮಂಜು! ಮೂಗಿನ ಮುಂದೇನೂ ಕಾಣ್ತಿಲ್ಲ. ಬೆಟ್ಟದ ತಿರುವಲ್ಲಿ ಇವಳನ್ನ ಒಂದೇ ಕೈಯಲ್ಲಿ ತಿರುಗಿಸಿದೆ ನೋಡಿ!” ಎಂದು ಅಪ್ಪ ಹೇಳುತ್ತಿದ್ದ. ಸಂಘದ ಅಧ್ಯಕ್ಷರು ಮೆಚ್ಚಿ ತಲೆದೂಗುತ್ತಿದ್ದರು. ಅವರ ಕಾರಿನ ಇಂಜಿನ್ ಹನ್ನೊಂದು ವರ್ಷದಿಂದ ಬಿಚ್ಚಿದ ಹಾಗೇ ಬಿದ್ದಿತ್ತು. ಇವತ್ತು ಅವರು ತಲೆದೂಗದಿದ್ದರೆ, ನಾಳೆ ಅವರ ಕತೆಗೆ ತಲೆದೂಗುವವರು ಯಾರು?

ಗ್ರೌಂಡಿನಲ್ಲಿ ಮೇಸ್ತ್ರಿ ಎರಡು ಹಲಗೆ ಜೋಡಿಸಿ ಕಾರನ್ನು ಲಾರಿಯಿಂದ ಇಳಿಸಿದ. ಕಾರು ರಿಪೇರಿ ಮಾಡುವವನೂ ಅವನೇ, ಶೆಡ್ಡಿನಿಂದ ತೆಗೆದು ಲಾರಿಗೆ ಹತ್ತಿಸಿದವನೂ ಅವನೇ. ದೊಡ್ಡ ಮನುಷ್ಯರಿಗೆ ಡ್ರೈವರ್ ಇರುತ್ತಾರಲ್ಲ ಎಂದು ಪಿಟೀಲು ಅಂದುಕೊಂಡಿದ್ದಳು. “ಎರಡು ಗಂಟೆಗೆ ಬರ್ತೀನಿ ಸಾರ್” ಎಂದು ಮೇಸ್ತ್ರಿ ಲಾರಿಯ ಜೊತೆ ಹೊರಟುಹೋದ. ಪ್ರದರ್ಶನ ನೋಡಲು ಮಕ್ಕಳೆಲ್ಲ ಹೊರಗೆ ಬಂದು ಕಾರಿನ ಸುತ್ತ ನಿಂತರು.

“ಒಂದೇ ಒಂದು ರೌಂಡ್ ಸಾರ್, ಮಕ್ಕಳು ಕಾಯ್ತಿದಾರೆ” ಎಂದರು ಹೆಡ್‌ಮಿಸ್ಸು.

ಅಪ್ಪ ಆಕಾಶ ನೋಡಿದ. “ಬಿಸಿಲು ಜಾಸ್ತಿ ಮೇಡಂ. ಇವಳ ಬಣ್ಣಕ್ಕೆ ಆಗಲ್ಲ.”

ಸೂರ್ಯನಿಗೆ ಮೋಡ ಅಡ್ಡ ಬಂತು. “ಮಳೆ ಬರೋ ಹಾಗಿದೆ” ಎಂದ ಅಪ್ಪ.

ಮೋಡ ಸರಿಯಿತು. “ನೆಲದಲ್ಲಿ ಜಲ್ಲಿ ಕಲ್ಲಿದೆ. ಟೈರಿಗೆ ತೊಂದರೆ” ಎಂದ. ಹೆಡ್‌ಮಿಸ್ಸು ಎರಡನೇ ಕ್ಲಾಸಿನ ಮಕ್ಕಳನ್ನು ಕರೆದು ಜಲ್ಲಿ ಆರಿಸಲು ಬಿಟ್ಟರು. ಪಾಪ, ಅವರು ಸಾಲಾಗಿ ಬಗ್ಗಿ ಆರಿಸತೊಡಗಿದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದು ಡ್ರಿಲ್ ಮೇಷ್ಟ್ರು ಗೊಣಗಿದರು. ಲಾಯರ್ ಮೆಲ್ಲಗೆ “ಬು... ರು...” ಎಂದು ರಾಗ ತೆಗೆದ.

ಪಿಟೀಲಿಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಓಡಿ ಹೋಗಿ ಛಾವಣಿಯಿಲ್ಲದ ಆ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

“ಅಪ್ಪಾ, ಹತ್ತು. ನೀನು ಓಡಿಸ್ಲಿಲ್ಲ ಅಂದ್ರೆ ನಾಳೆಯಿಂದ ನಾನು ಸ್ಕೂಲಿಗೇ ಬರಲ್ಲ.”

ಅಪ್ಪ ಹ್ಯಾಂಡಲ್ ಹಿಡಿದ. ಅದು ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಅದಕ್ಕೇ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಂಡು ತಿರುಗಿಸಿದ. ಅದೊಂದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಮೂರನೇ ಸಲಕ್ಕೆ ಇಂಜಿನ್ ಕೆಮ್ಮಿ, ಗುಡುಗುಡು ಎಂದಿತು. ಮಕ್ಕಳು ಹೋ ಎಂದರು. ಅಪ್ಪ ಹತ್ತಿ ಕೂತ. ಕಾರು ಕದಲಲಿಲ್ಲ.

“ನಂಗೆ ಇದನ್ನ ಓಡಿಸೋಕೆ ಬರಲ್ಲ ಕಣೆ” ಎಂದು ಅಪ್ಪ ಪಿಸುಗುಟ್ಟಿದ.

“ಮತ್ತೆ ಆ ಬೆಟ್ಟ?”

“ಮೇಸ್ತ್ರಿ ಓಡಿಸಿದ್ದು. ನಾನು ಪಕ್ಕದಲ್ಲಿ ಕಣ್ಣು ಮುಚ್ಕೊಂಡು ಕೂತಿದ್ದೆ.”

“ಮಂಜಾದ್ರೂ ಇತ್ತಾ?”

“ಕಣ್ಣು ಮುಚ್ಚಿದ್ರೆ ಹೇಗೆ ಗೊತ್ತಾಗುತ್ತೆ?” ಅಪ್ಪ ಕೆಳಗೆ ತೋರಿಸಿದ. “ಎಡಗಡೆ ಕ್ಲಚ್ಚು, ಅದೇನೋ ಸರಿ. ಈಗಿನ ಕಾರಲ್ಲಿ ನಡುವಿಂದು ಬ್ರೇಕು, ಬಲಗಡೆ ಆಕ್ಸಿಲರೇಟರು. ಇದರಲ್ಲಿ ಉಲ್ಟಾ. ತಂದ ಮೊದಲನೇ ದಿನ ಬ್ರೇಕು ಅಂತ ನಡುವಿಂದು ಒತ್ತಿಬಿಟ್ಟೆ. ಶೆಡ್ಡಿನ ಗೋಡೆ ಹೋಯ್ತು.”

“ಅದು ಮಳೆಗೆ ಬಿತ್ತು ಅಂದಿದ್ದೆ!”

“ಮಳೆ ಬರ್ತಿತ್ತು. ಅದು ನಿಜ.” ಅಪ್ಪ ಗ್ರೌಂಡಿನ ಕಡೆ ನೋಡಿದ. “ಇಷ್ಟೊಂದು ಮಕ್ಕಳಿದಾರೆ ಪುಟ್ಟಾ. ಮತ್ತೆ ತಪ್ಪು ಪೆಡಲ್ ಒತ್ತಿದ್ರೆ?”

ಅಪ್ಪ ಎರಡೂ ಕಾಲನ್ನು ಪೆಡಲಿನಿಂದ ಎತ್ತಿ ಸೀಟಿನ ಕೆಳಗೆ ಮಡಚಿಕೊಂಡಿದ್ದ. ಪಿಟೀಲು ಕೆಳಗೆ ಇಳಿದು, “ಬುರುಡೆ ಬಿಟ್ಟದ್ದು ನಾನಲ್ಲ, ನಮ್ಮಪ್ಪ” ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವಳು ಬಚಾವು. ಬಾಗಿಲಿನ ಹಿಡಿಗೆ ಕೈ ಹಾಕಿದಳು. ಅಪ್ಪನ ಕಾಲು ನೋಡಿ ಕೈ ತೆಗೆದಳು.

ಅವಳು ಸೀಟಿನ ಮೇಲೆ ನಿಂತು ಕೂಗಿದಳು. “ಎಲ್ಲರೂ ಸ್ಕೂಲಿನ ಮೆಟ್ಟಿಲ ಮೇಲೆ ಹೋಗಿ! ಒಬ್ಬರೂ ಕೆಳಗಿಳೀಬಾರದು! ಹಳೇ ಕಾರಿಗೆ ಇದೇ ರೂಲು!”

ಮೊದಲು ಮೆಟ್ಟಿಲು ಹತ್ತಿದವರು ಹೆಡ್‌ಮಿಸ್ಸು. ಗ್ರೌಂಡು ಖಾಲಿಯಾಯಿತು.

“ಕಾಲು ನಿಂದು, ಬಾಯಿ ನಂದು” ಎಂದಳು ಪಿಟೀಲು. “ಮೇಸ್ತ್ರಿ ರಿಪೇರಿಗೆ ಶೆಡ್ಡಿಂದ ಈಚೆ ತೆಗೆಯೋವಾಗ ಅವನ ಕಾಲನ್ನೇ ನೋಡ್ತಿದ್ದೆ. ನಾನು ಹೇಳಿದ್ದನ್ನ ಮಾತ್ರ ಒತ್ತು. ಎಡ ಒತ್ತು. ಗೇರ್ ಹಾಕು. ಈಗ ನಡು, ಮೆತ್ತಗೆ. ಎಡ ಬಿಡು... ಮೆಲ್ಲಗೆ, ಮೆಲ್ಲಗೆ!”

ಕಾರು ಬಿಕ್ಕಳಿಸಿತು, ಜಗ್ಗಿತು, ಹೊರಟಿತು. ಮೊದಲನೇ ಗೇರಿನಲ್ಲೇ ಗೊರಗೊರ ಎನ್ನುತ್ತ ಸಾಗಿತು. ನಾಯಿಯೊಂದು ಸ್ವಲ್ಪ ದೂರ ಜೊತೆಗೆ ಬಂದು, ಬೇಜಾರಾಗಿ ಮುಂದೆ ಹೋಯಿತು. ತಿರುವಿನಲ್ಲಿ ಗೋಲ್ ಕಂಬ ಎದುರಿಗೇ ಬಂತು.

“ನಡು ಬಿಡು! ಎಡ! ಬಲ, ಬಲ, ಬಲ!”

ಕಂಬಕ್ಕೆ ಒಂದು ಗೇಣು ಇರುವಾಗ ಕಾರು ನಿಂತಿತು. ಸ್ವಲ್ಪ ಹಿಂದಕ್ಕೆ ತಂದು, ಸ್ಟೀರಿಂಗ್ ತಿರುಗಿಸಿ, ಮತ್ತೆ ಎಡ, ಮತ್ತೆ ನಡು. ಕೊನೆಗೂ ಒಂದು ಸುತ್ತು ಮುಗಿಸಿ ಮೆಟ್ಟಿಲ ಮುಂದೆ ಬಂದು ನಿಂತಾಗ ಮಕ್ಕಳ ಚಪ್ಪಾಳೆಯಲ್ಲಿ ಇಂಜಿನ್ನಿನ ಸದ್ದೇ ಕೇಳಲಿಲ್ಲ.

ಲಾಯರ್ ಇಳಿದು ಬಂದ. “ಓಡಿತು, ಒಪ್ಕೋತೀನಿ. ಆದ್ರೆ ದಾರಿಯುದ್ದಕ್ಕೂ ನೀನು ಏನೋ ಹೇಳ್ತಾನೇ ಇದ್ಯಲ್ಲ?”

“ನಾನು ಯಾವತ್ತು ಸುಮ್ನೆ ಕೂತಿದೀನಿ?” ಎಂದಳು ಪಿಟೀಲು.

ಮಕ್ಕಳೆಲ್ಲ ಇಸ್ತ್ರಿಪೆಟ್ಟಿಗೆ ನೋಡಲು ಓಡಿದರು. ಅಪ್ಪ ಇಂಜಿನ್ ಬಂದ್ ಮಾಡದೆ ಕೂತೇ ಇದ್ದ. ಅವನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

“ಪುಟ್ಟಾ, ಸರಿಯಾಗಿ ಓಡಿಸಿದ್ನಾ?”

ಆ ದನಿ ಪಿಟೀಲಿಗೆ ಗೊತ್ತಿತ್ತು. ಕ್ಲಾಸಿನ ಮುಂದೆ ನಿಂತು ಪದ್ಯ ಒಪ್ಪಿಸಿ, ಮಿಸ್ಸಿನ ಮುಖ ನೋಡುತ್ತ “ಸರಿಯಾಯ್ತಾ ಮಿಸ್?” ಎಂದು ಕೇಳುವಾಗ ಅವಳಿಗೆ ಬರುವ ದನಿ ಅದು. ಅಪ್ಪಂದಿರಿಗೂ ಅದು ಬರುತ್ತದೆಂದು ಅವಳಿಗೆ ಇಲ್ಲಿಯವರೆಗೂ ಗೊತ್ತಿರಲಿಲ್ಲ.

“ತಿರುವಲ್ಲಿ ಒಂದು ತಪ್ಪು. ಮಿಕ್ಕಿದ್ದೆಲ್ಲ ಸರಿ” ಎಂದಳು. “ಮೇಸ್ತ್ರಿ ಬರೋಕೆ ಇನ್ನೂ ಹೊತ್ತಿದೆ. ಇನ್ನೊಂದು ಸಲ ಮಾಡೋಣ್ವಾ?”

ಗ್ರೌಂಡಿನಲ್ಲಿ ಯಾರೂ ಇಲ್ಲವೆಂದು ಅವಳು ಸುತ್ತಲೂ ನೋಡಿ ಖಾತ್ರಿ ಮಾಡಿಕೊಂಡಳು. ಅಪ್ಪ ಎಡಗಾಲನ್ನು ಪೆಡಲಿನ ಮೇಲಿಟ್ಟು, ಅವಳ ಬಾಯನ್ನೇ ನೋಡುತ್ತ ಕಾದ.