ಎಂಟನೆಯ ಕಂಬ

ತಲೆಯ ಮೇಲಿನ ಗಾರೆಯ ಬುಟ್ಟಿ ಇಳಿಸಲು ಮಿಸ್ತ್ರಿ ವಜೀರ ಕೈ ಚಾಚಿದರೆ ಚಾಂದಬಿ ಮುಖ ತಿರುಗಿಸಿದಳು.

"ಸುತ್ತಲೂ ಇಟ್ಟಂಗಿ ಕಟ್ಟೂದಿತ್ತಂದ್ರ ಕಬ್ಬಿಣದ ಕಂಬ ಯಾಕ ನಿಲ್ಲಿಸಿದ್ರಿ, ಮಿಸ್ತ್ರಿ?"

"ಇಂಜಿನಿಯರ್ ಸಾಹೇಬ್ರ ಹುಕುಂ. ಬೆಂಕಿ ಬಿದ್ರ ಬರೇ ಕಬ್ಬಿಣ ಮೆತ್ತಗಾಗಿ ಬಾಗತೈತಂತ. ನಿನ್ನ ನೋಡಿ ನಾ ಆಗಿಲ್ಲೇನು, ಹಂಗ."

ಅವಳು ಸೆರಗು ಬಾಯಿಗೊತ್ತಿ ನಕ್ಕಳು. ಆ ನಗುವಿಗೇ ವಜೀರ ಕೆಟ್ಟ.

ಅದು ೧೯೪೧. ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಗೆ, ಕಟ್ಟಿಗೆ ಕೊಯ್ಯುವ ಮಿಲ್ಲೊಂದಕ್ಕೆ ಹೊಸ ಉಕ್ಕಿನ ಶೆಡ್ಡು ಏಳುತ್ತಿತ್ತು. ಅಲ್ಲಿ ಗರಗಸ ನಡೆಸುವವನು ಚಾಂದಬಿಯ ಅಪ್ಪ ದಾವಲಸಾಬ. ರಮಜಾನ್ ಕಳೆದ ಮೇಲೆ ನಿಕಾಹ್ ಎಂದು ವಜೀರನಿಗೆ ಅವನೇ ಮಾತು ಕೊಟ್ಟಿದ್ದ.

ಏಳು ಕಂಬಗಳಿಗೆ ಇಟ್ಟಿಗೆಯ ಹೊದಿಕೆಯಾಯಿತು. ಎಂಟನೆಯದರ ಬರಿ ಕಬ್ಬಿಣದ ಮೇಲೆ ವಜೀರ ಉಳಿಯಿಂದ ಪುಟ್ಟ ಚಂದ್ರನನ್ನು ಕೊರೆದಿದ್ದ, ಅವಳ ಹೆಸರಿಗೆಂದು. ಅದನ್ನು ಬೆರಳಿಂದ ಸವರುತ್ತ ಅವಳು ನಿಂತೇಬಿಟ್ಟಳು.

"ಇದನ್ನ ಮುಚ್ಚಬ್ಯಾಡ್ರಿ. ಅಬ್ಬಾಗ ರೊಟ್ಟಿ ತರೂವಾಗ ದಿನಾ ನೋಡತೇನಿ."

"ಸಾಹೇಬ್ರು ಕೇಳಿದ್ರ?"

"ಹಲಗಿ ಒರಗಿಸಿ ಇಡ್ರಿ. ಒಂದು ಕಂಬದಿಂದ ಏನಾಗತೈತಿ?"

ತಿಳಿದವನು ಅವನು. ಆಗದು ಅನ್ನಬೇಕಾದವನೂ ಅವನೇ. ಅವಳ ಕಣ್ಣು ನೋಡಿ ಕರಣೆ ಕೆಳಗಿಟ್ಟು, ಕಂಬಕ್ಕೆ ಹಲಗೆ ಒರಗಿಸಿದ.

ಶೆಡ್ಡು ಮುಗಿದು ಗರಗಸ ಅದರೊಳಗೆ ಬಂತು. ಆ ಬೇಸಿಗೆಯ ಒಂದು ಮಧ್ಯಾಹ್ನ ಗರಗಸದ ಕಿಡಿ ಮರದ ಹೊಟ್ಟಿಗೆ ಹತ್ತಿತು. ಎಲ್ಲರೂ ಹೊರಗೋಡಿದರು. ಗರಗಸದ ಪಟ್ಟಾ ಬಿಚ್ಚಿ ತರುತ್ತೇನೆಂದು ದಾವಲಸಾಬ ತಿರುಗಿ ಹೊರಟ. ಜನ ತಡೆದರು.

"ಕಂಬಕ್ಕ ಇಟ್ಟಂಗಿ ಐತಿ, ಏನೂ ಆಗೂದಿಲ್ಲ," ಅಂದ.

ಏಳು ಕಂಬಗಳಿಗೆ ಏನೂ ಆಗಲಿಲ್ಲ. ಎಂಟನೆಯದು ಬಾಗಿತು. ಆ ಮೂಲೆಯ ಮಾಡು ಅವನ ಮೇಲೆ ಕುಸಿಯಿತು.

ಸತ್ತ ದಾವಲಸಾಬನಿಗೆ ನಲವತ್ತನೆಯ ದಿನದ ಫಾತಿಹಾ ಓದಿ ಮುಗಿದ ಮೇಲೆ ವಜೀರ ಬಂದು ಚಾಂದಬಿಯ ಮನೆಯ ಹೊಸಿಲಾಚೆ ನಿಂತ.

"ತಪ್ಪು ನಂದು. ಸಾಹೇಬ್ರ ಮುಂದ ಒಪ್ಪಿಕೊಂಡೇನಿ, ಕೆಲಸಾ ಹೋತು. ನಿನ್ನ ಹೆಸರು ಹೇಳಿಲ್ಲ."

"ಮುಚ್ಚಬ್ಯಾಡ ಅಂದಾಕಿ ನಾ."

"ಕ್ಯಾಸಲ್‌ರಾಕ್‌ನ್ಯಾಗ ರೈಲ್ವೆ ಕೆಲಸ ಐತಿ. ನಿಕಾಹ್ ಮಾಡಿಕೊಂಡು ಹೋಗೂಣು."



"ನನಗ ನೀವಂದ್ರ ಜೀವ, ಇವತ್ತಿಗೂ. ಅದಕ್ಕ ನನ್ನ ಮ್ಯಾಲ ನನಗ ಹೇಸಿಗಿ ಬರತೈತಿ. ನಿಮ್ಮ ಜೋಡಿ ಉಣ್ಣಾಕ ಕುಂತ್ರ ದಿನಾ ಅಬ್ಬಾನ ಆ ಮಾತು, 'ಕಂಬಕ್ಕ ಇಟ್ಟಂಗಿ ಐತಿ' ಅಂದದ್ದು, ಕೇಳಸತೈತಿ. ಹೋಗ್ರಿ."

ವಜೀರ ಹೋದ.

ಮಳೆಗಾಲ ಕಳೆದು ಆ ಮೂಲೆಗೆ ಹೊಸ ಕಂಬ ಬಂತು. ಗಾರೆ ಹೊತ್ತವಳು ಚಾಂದಬಿಯೇ. ಹೊಸ ಮಿಸ್ತ್ರಿ ಊಟಕ್ಕೆ ಎದ್ದರೂ ಅವಳು ಏಳಲಿಲ್ಲ. ಇಟ್ಟಿಗೆಯ ಸಂದಿನಲ್ಲಿ ಎಲ್ಲೂ ಕಬ್ಬಿಣ ಕಾಣದ ತನಕ ಬರಿಗೈಯಿಂದ ಗಾರೆ ಮೆತ್ತುತ್ತಲೇ ಕೂತಳು.